ಐದನೆಯ ಹೆಸರು

ತಾನು ಟೀಮ್ ಲೀಡರ್ ಎಂದು ಪರಿಚಯಿಸಿಕೊಳ್ಳುವಾಗ ಟೀಮಿನಲ್ಲಿ ಎಷ್ಟು ಜನ ಎಂಬುದನ್ನು ಮೆರ್ವಿನ್ ಹೇಳುತ್ತಿರಲಿಲ್ಲ. ಅವನನ್ನೂ ಸೇರಿಸಿ ಮೂವರು. ಮೊಗ್ರಾಲಿನ ಹೆದ್ದಾರಿ ಬದಿಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಕೂತು ಅವರು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದರು. ಕೋಡೆಲ್ಲ ಇದ್ದದ್ದು ಗೋಡೆಯ ಮೊಳೆಗೆ ನೇತುಹಾಕಿದ ಒಂದು ಪೆನ್‌ಡ್ರೈವಿನಲ್ಲಿ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಕೋಡ್ ಮುಟ್ಟಬೇಕೆಂಬ ಕಾನೂನು ಮಾಡಿದವನು ಮೆರ್ವಿನ್. 2016ರ ಜೂನಿನಲ್ಲಿ ಅದನ್ನು ಮುರಿದವನೂ ಅವನೇ. ತನ್ನ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಯನ್ನು ಆ ಡ್ರೈವಿಗೆ ತುಂಬಿ, ಮೂವರಲ್ಲೊಬ್ಬನಾದ ಅಜ್ಮಲ್ ಒಂದು ವಾರ ಕೂತು ಬರೆದದ್ದನ್ನೆಲ್ಲ ಅಳಿಸಿಹಾಕಿದ.

ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದು ಈ ಕಂಪೆನಿ ತೆರೆದಿದ್ದ ಅಬ್ದುಲ್ ಹಮೀದ್ ಬೈಯಲಿಲ್ಲ. ಕೋಡನ್ನೂ ಕೆಲಸದ ಪಟ್ಟಿಯನ್ನೂ ಇಂಟರ್ನೆಟ್ಟಿನಲ್ಲಿ ಕಾಪಾಡಿಕೊಡುವ ಸೇವೆಗಳಿವೆಯಂತಲ್ಲ, ಎರಡನ್ನು ಪರೀಕ್ಷೆ ಮಾಡಿ ಒಂದನ್ನು ಆರಿಸು ಎಂದರು. ಮೆರ್ವಿನ್ ಒಬ್ಬನ ಮೇಲೆ ಭರವಸೆ ಸಾಲದೆ, ಮಂಗಳೂರಿನಿಂದ ಗೌರೀಶಂಕರ ಎಂಬ ಸಲಹೆಗಾರರನ್ನೂ ಕರೆಸಿದರು.

ಗೌರೀಶಂಕರರು ತಂದು ತೋರಿಸಿದ ಸೇವೆ ಮದುವೆ ಮಂಟಪದ ಹಾಗೆ ಮಿನುಗುತ್ತಿತ್ತು. ಗಿರಾಕಿಗಳೇ ಅದರ ಇಂಗ್ಲಿಷ್ ಫಾರಂ ತುಂಬಿ ದೂರು ಕೊಡುತ್ತಾರೆ, ಹಾಗಾದ ಮೇಲೆ ಫೋನ್ ಎತ್ತುವುದಕ್ಕೆ ಒಬ್ಬರು ಬೇಡ, ತಿಂಗಳ ಕೊನೆಗೆ ಆ ಹೆಂಗಸನ್ನು ಕಳುಹಿಸಿಬಿಡಬಹುದು ಎಂದು ಅವರು ವಿವರಿಸಿದರು. ಹಮೀದ್ ಯೋಚಿಸುವ ಎಂದರು. ಮೆರ್ವಿನ್ ತಲೆ ಅಲ್ಲಾಡಿಸಿದ. ತಲೆ ಅಲ್ಲಾಡಿಸುವುದರಲ್ಲಿ ಅವನಿಗೆ ಕೋಡ್ ಬರೆಯುವುದಕ್ಕಿಂತ ಹೆಚ್ಚಿನ ಅನುಭವವಿತ್ತು.

ಆ ಹೆಂಗಸು ಪರಮೇಶ್ವರಿ. ಕುಂಬ್ಡಾಜೆಯಿಂದ ಎರಡು ಬಸ್ಸು ಹಿಡಿದು ಬರುವವರು, ಐವತ್ತರ ಹತ್ತಿರ. ಓದಿದ್ದು ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೆಯವರೆಗೆ. ಮೊಬೈಲ್ ಬಂದು ಮುಚ್ಚಿಸುವವರೆಗೆ ಇದೇ ರಸ್ತೆಯ ಎಸ್‌ಟಿಡಿ ಬೂತಿನಲ್ಲಿ ಹನ್ನೊಂದು ವರ್ಷ ಕೂತಿದ್ದರು. ಗಲ್ಫಿಗೆ ಫೋನ್ ಮಾಡಲು ಬಂದವರ ಸಿಟ್ಟು, ಅಳು, ಸುಳ್ಳು ಎಲ್ಲ ಕೇಳಿ ಕೇಳಿಯೇ ಬ್ಯಾರಿ, ಕೊಂಕಣಿ, ಮಲಯಾಳ ಕಲಿತವರು. ತುಳು ಮನೆಯದ್ದೇ. ಈಗ ಅವರ ಮೇಜಿನ ಮೇಲೆ ಉದ್ದದ ಪುಸ್ತಕವೊಂದಿತ್ತು. ಅಂಗಡಿಯವರು ಫೋನಿನಲ್ಲಿ ಯಾವ ಭಾಷೆಯಲ್ಲಿ ದೂರಿದರೂ ಅದೇ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಬದಿಯಲ್ಲೊಂದು ಟಿಪ್ಪಣಿ: 'ಬೈದರು', 'ಚಾ ಕುಡಿಯುತ್ತಾ ಹೇಳಿದರು', 'ಅಂಗಡಿಯಲ್ಲಿ ಜನ ನಿಂತಿದ್ದಾರೆ'. ದೂರು ಸರಿಯಾಯಿತೆಂದು ಮೆರ್ವಿನ್ ಹೇಳಿದರೆ ಅವರು ಅದರ ಮೇಲೆ ಗೆರೆ ಎಳೆಯುತ್ತಿರಲಿಲ್ಲ. ಅಂಗಡಿಗೆ ತಾವೇ ಫೋನ್ ಮಾಡಿ, ಆ ಮನುಷ್ಯನ ಬಾಯಿಂದ ಕೇಳಿದ ಮೇಲೆಯೇ ಗೆರೆ.

ಮೊದಲ ವಾರ ಗೌರೀಶಂಕರರ ಸೇವೆಯ ಪರೀಕ್ಷೆ. ಫೋನ್ ಎತ್ತಬಾರದೆಂದು ಪರಮೇಶ್ವರಿಗೆ ಆಜ್ಞೆಯಾಯಿತು. ಶನಿವಾರ ನೋಡಿದರೆ ಫಾರಮ್ಮಿನಲ್ಲಿ ಬಂದ ದೂರುಗಳು ಸೊನ್ನೆ. ಮೆರ್ವಿನ್ ಹಿಗ್ಗಿ ಅದರ ನಕ್ಷೆಯನ್ನು ಬಣ್ಣದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ. ತನ್ನ ಜೀವನದಲ್ಲಿ ಮೊದಲ ಬಾರಿಗೆ ತಪ್ಪಿಲ್ಲದ ವಾರ.

ಪರಮೇಶ್ವರಿ ಎದ್ದು ಬಂದು ಪುಸ್ತಕವನ್ನು ಅವನ ಮುಂದೆ ಬಿಡಿಸಿಟ್ಟರು. ಅದೇ ವಾರದ ಮೂವತ್ತೊಂದು ದೂರು.

"ಎತ್ತಬಾರದು ಅಂತ ಹೇಳಿದ್ದಲ್ವಾ ಅಕ್ಕ?" ಎಂದ ಮೆರ್ವಿನ್.

"ಹೇಳಿದ್ದು ಹೌದು. ಫೋನ್ ಬಡ್ಕೊಳ್ಳುವಾಗ ಕೈಕಟ್ಟಿ ಕೂತ್ಕೊಳ್ಳಲಿಕ್ಕೆ ನನಗೆ ಬರುದಿಲ್ಲ. ನಿನ್ನ ಫಾರಂ ಆ ಮುಳ್ಳೇರಿಯದ ಆಗಸ್ಟಿನ್ ತುಂಬ್ತಾರಾ ಮಾರಾಯ? ಅವರಿಗೆ ಸಿಮೆಂಟ್ ಚೀಲ ಎಣಿಸ್ಲಿಕ್ಕೇ ಪುರುಸೊತ್ತಿಲ್ಲ."

ನಕ್ಷೆ ಗೋಡೆಯಿಂದ ಇಳಿಯಿತು. ಅಂಟು ಮಾತ್ರ ಅಲ್ಲಿಯೇ ಉಳಿಯಿತು.

ಎರಡನೆಯ ವಾರದ ಸೇವೆ ನೋಡಲು ಸಪ್ಪೆ. ಆದರೆ ಕೋಡ್ ಹೊರಗಿನವರಿಗೆ ಕಾಣದಂತೆ ಇಡುತ್ತಿತ್ತು, ಯಾವ ಸಾಲನ್ನು ಯಾರು ಕೆಡಿಸಿದರೆಂದು ಹೆಸರು ಸಹಿತ ತೋರಿಸುತ್ತಿತ್ತು. ಈ ಗುಣ ಮೆರ್ವಿನ್‌ಗೆ ಅಷ್ಟು ಹಿಡಿಸಲಿಲ್ಲ. ಕನ್ನಡದಲ್ಲಿ ಬರೆದದ್ದು ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿತ್ತು. ಒಳಗೆ ಕೆಲಸ ಮಾಡುವವರು ಐದು ಹೆಸರಿನವರೆಗೆ ಪುಕ್ಕಟೆ. ಕೋಡ್ ಬರೆಯುವ ಮೂವರು, ಹಮೀದ್, ಅಲ್ಲಿಗೆ ನಾಲ್ಕು. ಐದನೆಯದು ತನ್ನದು ಎಂದು ಗೌರೀಶಂಕರರು ಮೊದಲೇ ಹೇಳಿಟ್ಟಿದ್ದರು. ಮೆರ್ವಿನ್ ತಲೆ ಅಲ್ಲಾಡಿಸಿದ್ದ. ಆದರೆ ಪರದೆಯ ಐದನೆಯ ಪೆಟ್ಟಿಗೆಯಲ್ಲಿ ಹೆಸರು ಬರೆಯುವಾಗ ಬೆರಳು ಬೇರೆಯದನ್ನೇ ಬರೆಯಿತು: ಪರಮೇಶ್ವರಿ.

ಪುಸ್ತಕದ ದೂರುಗಳನ್ನು ಪರಮೇಶ್ವರಿ ಆ ಸೇವೆಯಲ್ಲೇ ಬರೆಯತೊಡಗಿದರು. ಆ ಧೈರ್ಯದ ಫಲವನ್ನು ಮೊದಲು ಉಂಡವನೂ ಅವನೇ. ಮಂಗಳವಾರ ಅವನು ಹದಿನಾಲ್ಕು ದೂರು ಸರಿಮಾಡಿ ಮುಚ್ಚಿದ. ಬುಧವಾರ ಬರುವಾಗ ಹನ್ನೊಂದು ಮತ್ತೆ ತೆರೆದಿದ್ದವು. ಒಂದರ ಕೆಳಗೆ ಹೀಗಿತ್ತು: 'ಆಗಸ್ಟಿನ್ ಅವರಿಗೆ ಫೋನ್ ಮಾಡಿದೆ. ಬಿಲ್ಲಿನಲ್ಲಿ ವ್ಯಾಟ್ ಈಗಲೂ ಎರಡು ಸಲ ಬರುತ್ತದೆ. ಕೊಂಕಣಿಯಲ್ಲಿ ಬೈದರು. ಬರೆಯುವುದಿಲ್ಲ, ಮೆರ್ವಿನ್ ಅದೇ ಭಾಷೆಯವನು, ಊಹಿಸಲಿ.' ಅವನು ಊಹಿಸಿದ. ಊಹೆಯಲ್ಲಿ ಅವನ ಅಪ್ಪ ಅಮ್ಮನೂ ಬಂದರು. ಶುಕ್ರವಾರದ ಹೊತ್ತಿಗೆ ಹನ್ನೊಂದೂ ನಿಜವಾಗಿ ಸರಿಯಾದವು.

ಶನಿವಾರ ಗೌರೀಶಂಕರರು ಬಂದು ಪಟ್ಟಿ ನೋಡಿ ಕೆಂಪಾದರು. ತನ್ನ ಜಾಗದಲ್ಲಿ ಫೋನಿನವರನ್ನು ಕೂರಿಸಿದ್ದು ಯಾರು ಎಂದು ಕೇಳಿದರು. ಹಮೀದ್ ಮೆರ್ವಿನ್ ಕಡೆಗೆ ನೋಡಿದರು. ತಲೆ ಅಲ್ಲಾಡಲು ಸಿದ್ಧವಾಗಿತ್ತು; ಅವನು ಅದನ್ನು ಹಿಡಿದು ನಿಲ್ಲಿಸಿದ.

"ನಾನೇ, ಹಮೀದಿಚ್ಚ. ಇದೇ ಸೇವೆ ಸಾಕು. ಐದನೆಯ ಹೆಸರು ಪರಮೇಶ್ವರಿಯಕ್ಕನದ್ದೇ. ಅದನ್ನು ತೆಗಿಬೇಕಾದ್ರೆ ನನ್ನದನ್ನು ಮೊದಲು ತೆಗೀರಿ. ಬರೆಯುವವರು ಬೇರೆ ಯಾರಾದ್ರೂ ಸಿಗ್ತಾರೆ. ಸರಿಯಾಯ್ತಾ ಇಲ್ವಾ ಅಂತ ಹೇಳುವವರು ಇವರೊಬ್ಬರೇ ಇರುದು."

ಹೇಳಿದ ಮೇಲೆ ಅವನಿಗೆ ಬೈಕಿನ ಕಂತು ನೆನಪಾಯಿತು. ಆದರೆ ಮಾತು ಹೋಗಿಯಾಗಿತ್ತು.

ಆಗಲೇ ಪರದೆಯ ಮೇಲೆ ಹೊಸ ದೂರೊಂದು ಮೂಡಿತು. ಆಚೆ, ಪರಮೇಶ್ವರಿಯ ಮೇಜಿನಿಂದ. 'ಪರಮೇಶ್ವರಿಯ ಕುರ್ಚಿ ಮುಂದಿನ ತಿಂಗಳು ಇರುತ್ತದಾ? ಕೆಲಸ ಯಾರಿಗೆ: ಮೆರ್ವಿನ್. ಟಿಪ್ಪಣಿ: ಚಾ ಕುಡಿಯುತ್ತಾ ಹೇಳಿದ್ದಲ್ಲ.'

ಹಮೀದ್ ಓದಿ ಗಡ್ಡ ಸವರಿದರು. ಇರುತ್ತದೆ ಅಂತ ಬರಿ ಎಂದರು. ಗೌರೀಶಂಕರರು ಬ್ಯಾಗಿನ ಜಿಪ್ ಎಳೆದರು. ಮೆರ್ವಿನ್ 'ಇರುತ್ತದೆ' ಎಂದು ಬರೆದು ದೂರನ್ನು ಮುಚ್ಚಿದ.

ಒಂದು ನಿಮಿಷವೂ ಆಗಲಿಲ್ಲ, ಅದು ಮತ್ತೆ ತೆರೆಯಿತು. 'ಸಾಹೇಬರು ನನಗೆ ಹೇಳಲಿಲ್ಲ.'

ಹಮೀದ್ ಕುರ್ಚಿ ಹಿಂದೆ ತಳ್ಳಿ ಎದ್ದರು. ಆಚೆ ಮೇಜಿನವರೆಗೆ ನಡೆದುಕೊಂಡು ಹೋದರು.