ಅರಿಸಿನ ಕುಟ್ಟಬೇಕಿದ್ದ ಒನಕೆ

ಮಾನವಶಾಸ್ತ್ರ ಓದಿ ನಾಲ್ಕು ಸೀಮೆ ಸುತ್ತಿದವಳಿಗೆ ಈ ಪಾಟಿ ಸಿಟ್ಟು ಬರಬಾರದಂತೆ. ಬರುತ್ತದೆ ಕಣ್ರೀ, ಏನು ಮಾಡಲಿ? ಮದ್ದೂರು ಕಡೆಯ ನಿಡಘಟ್ಟದಲ್ಲಿ ಹುಟ್ಟಿದವಳು ನಾನು.

ನಾನು ಕೆಲಸಕ್ಕಿದ್ದ ಸಂಗ್ರಹಾಲಯದವರು ಒಕ್ಕಲು ಮನೆಗಳ ಸಾಮಾನಿನ ಪ್ರದರ್ಶನ ಮಾಡಿದರು. ಹನಕೆರೆಯ ಒಂದು ಮನೆಯಿಂದ ಹಳೇ ಒನಕೆ ತಂದವಳು ನಾನೇ. ಆ ಮನೆಯ ಹೆಣ್ಣುಮಕ್ಕಳ ಮದುವೆಗೆಲ್ಲ ಅದರಲ್ಲೇ ಅರಿಸಿನ ಕುಟ್ಟೋದು. ಅದಾಗದೆ ಚಪ್ಪರಕ್ಕೂ ಕೈ ಹಚ್ಚೋದಿಲ್ಲ. "ಮಗ್ಳ ಮದ್ವೆಗೆ ವಾಪಸ್ ತಂದ್ಕೊಡ್ಬೇಕು ಕಣಮ್ಮ" ಅಂತ ಮನೆಯಾಕೆ ಮಾತು ತೆಗೆದುಕೊಂಡೇ ಕೊಟ್ಟಿದ್ದರು. ನಮ್ಮ ನಿರ್ದೇಶಕರೂ ಹೂಂ ಅಂದಿದ್ದರು.

ಮದುವೆ ಗೊತ್ತಾಯಿತು. ಹೋಗಿ ಒನಕೆ ಕೇಳಿದೆ.

"ಅದೀಗ ನಮ್ಮ ಸಂಗ್ರಹದ ವಸ್ತು, ಹೊರಗೆ ಹೋಗೋ ಹಾಗಿಲ್ಲ. ಬೇರೆ ಒಂದು ಕೊಂಡ್ಕೊಳ್ಳಲಿ ಬಿಡಮ್ಮ. ಇದು ಮಿಕ್ಸಿ ಕಾಲ" ಅಂದರು ನಿರ್ದೇಶಕರು. ನಕ್ಕರು ಬೇರೆ! ಒನಕೆಯನ್ನು ಗೋಡೆಗೆ ತಂತಿ ಬಿಗಿದು ನಿಲ್ಲಿಸಿ, ಪಕ್ಕದಲ್ಲಿ ಚೀಟಿ ಅಂಟಿಸಿದ್ದರು: 'ಈಗ ಬಳಕೆಯಲ್ಲಿಲ್ಲ.' ನನ್ನ ಮೈಯೆಲ್ಲ ಉರಿದುಹೋಯಿತು. ಬಳಸೋರ ಕೈಯಿಂದ ಕಿತ್ತುಕೊಂಡು ಬಂದವರು ನಾವು, ಬಳಕೆಯಲ್ಲಿಲ್ಲ ಅಂತ ಬರೆಯೋರೂ ನಾವೇ. ಇದ್ಯಾವ ಸೀಮೆ ಶಾಸ್ತ್ರ? ಬದುಕಿರೋ ಜನಕ್ಕೆ ತಿಥಿ ಮಾಡೋ ಕೆಲಸ ಇದು.

ಮತ್ತೆ ಮತ್ತೆ ಕೇಳಿದೆ. ಕಲ್ಲಿಗೆ ಹೇಳಿದ್ದರೂ ಕರಗುತ್ತಿತ್ತು. ಅರಿಸಿನದ ದಿನ ಬೆಳಗ್ಗೆ ತಂತಿ ಬಿಚ್ಚಿದೆ, ಒನಕೆಯನ್ನು ಹೆಗಲಿಗಿಟ್ಟುಕೊಂಡು ಎಲ್ಲರ ಎದುರಿಗೇ ಹೊರಟೆ. ಮದ್ದೂರು ಬಸ್ಸಿನ ಕಂಡಕ್ಟರು, "ಯಾರ್ಗ್ ಒಡ್ಯಾಕಕ್ಕಾ ಇದು?" ಅಂದ.

"ಒಡೀಬೇಕಾದೋರ್ನ ಆಪೀಸಲ್ಲೇ ಬುಟ್ಬಂದಿವ್ನಿ" ಅಂದೆ.

ಹನಕೆರೆಯ ಮನೆಯ ಅಂಗಳದಲ್ಲಿ ಮುತ್ತೈದೆಯರು ಒರಳಿನ ಸುತ್ತ ಕಾಯುತ್ತಿದ್ದರು. ಒನಕೆ ಇಲ್ಲದ ಶಾಸ್ತ್ರ ಆಗಿಬರೋಲ್ಲ ಅಂತ ಯಾರೋ ಅಂದು, ಮದುವೆ ಹುಡುಗಿ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಮನೆಯಾಕೆ ನನ್ನ ಹೆಗಲಿಂದ ಒನಕೆ ಇಳಿಸಿಕೊಂಡರು. ತೊಳೆದು, ಕುಂಕುಮ ಇಟ್ಟು, ಮೊದಲ ಪೆಟ್ಟು ಹಾಕಿದರು.

ಅಷ್ಟರಲ್ಲಿ ನಿರ್ದೇಶಕರ ಫೋನು. ಇವತ್ತೇ ಒನಕೆ ತರದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ಕಿರುಚುತ್ತಿದ್ದರು. ಆ ಕಿರುಚಾಟ ಒರಳಿನವರೆಗೂ ಕೇಳಿಸಿತು. ಮನೆಯಾಕೆ ಅರಿಸಿನದ ಕೈಯಲ್ಲೇ ಫೋನು ಕಿತ್ತುಕೊಂಡರು.

"ಮದ್ವೆಗ್ ಬನ್ನಿ ಸ್ವಾಮಿ, ಒಟ್ಟೆ ತುಂಬ ಉಂಡ್ಕೊಂಡ್ ಓಗಿ. ಒನ್ಕೆ ಮಾತ್ರ ಕೊಡಾಕಿಲ್ಲ. ನಂಗೆ ಇನ್ನೊಬ್ಳು ಮಗ್ಳವ್ಳೆ."