ಜಪಾನಿನವರ ತೊಟ್ಟಿ, ನಮ್ಮ ಬಕೆಟ್ಟು

ಜಪಾನಿನ ಆ ನಗೆ ಧಾರಾವಾಹಿ ನೋಡು ನೋಡು ಎಂದು ತಿಂಗಳಿಂದ ತಲೆ ತಿಂದಿರಲ್ಲ ಗೆಳೆಯರೇ, ಇವತ್ತು ಮಧ್ಯಾಹ್ನ ಮೊದಲ ಕಂತು ನೋಡಿದೆ. ಪಕ್ಕದಲ್ಲಿ ನನ್ನ ಗಂಡನ ಕಾಕಿ ಕೂತಿದ್ದರು. ತಮ್ಮ ಹಳ್ಳಿ ಚಿಂತಾಕಿಯಲ್ಲಿ ಬಾವಿ ಬತ್ತಿದ ಮೇಲೆ ನೌಬಾದಿನ ನಮ್ಮ ಮನೆಗೆ ಬಂದವರು.

ಧಾರಾವಾಹಿಯಲ್ಲಿ ಬಿಸಿನೀರಿನ ತೊಟ್ಟಿಗೆ ಅಪ್ಪ ಇಳಿದ. ಅವನೆದ್ದ ಮೇಲೆ ಅದೇ ನೀರಿಗೆ ಮಗ, ಆಮೇಲೆ ಅಮ್ಮ.

"ಛೀ, ಒಬ್ಬರ ಹೊಲಸ ನೀರಾಗ ಮನಿಮಂದೆಲ್ಲ ಇಳೀತಾರಲ್ರಿ ಕಾಕಿ!" ಎಂದು ಬಿದ್ದು ಬಿದ್ದು ನಕ್ಕೆ.

ಕಾಕಿ ನಗಲಿಲ್ಲ. "ಹೊಲಸ ಎಲ್ಲದ? ಮೊದಲ ಹೊರಗ ಸಾಬೂನ ಹಚ್ಚಿ ಮೈ ತೊಳಕೊಂಡ್ರಲ್ಲ, ನೀ ನೋಡಿಲ್ಲೇನ? ನಾವಂತೂ ಊರಾಗ ಟಬ್ಬಿನಾಗ ಕುಂತು ಜಳಕ ಮಾಡ್ತೇವಿ. ಅದೇ ನೀರಾಗ ಅರಬಿ ಒಗೀತೇವಿ. ಉಳದದ್ದು ಎಮ್ಮಿ ಮೈಗಿ."

ಅಷ್ಟರಲ್ಲಿ ಕಾಕಿಯೇ ಅಂದರು: "ಒಳಗ ಏನೋ ಸುರೀಲತದ ನೋಡವ್ವ."

ಬಚ್ಚಲಲ್ಲಿ ಬಕೆಟ್ ತುಂಬಿ ಹರಿಯುತ್ತಿತ್ತು. ಬೆಳಿಗ್ಗೆಯಷ್ಟೇ ಹಾಕಿಸಿದ ಟ್ಯಾಂಕರ್ ನೀರು. ನಲ್ಲಿ ಬಿಟ್ಟು ಬಂದು ಕೂತವಳು ನಾನೇ.

ಒಬ್ಬರೂ ಮೀಯದ ನೀರು ನೋಡಿ, ಬಹಳ ಸ್ವಚ್ಛ. ನೇರ ಗಟಾರಕ್ಕೆ ಹೋಯಿತು.