ಮನೆಗಳ ಹಿಂದೆ ನೆಟ್ಟ ಕೋಲು

ಗೋಕಾಕದ ಹೊಳೆದಂಡೆಯ ನಕಾಶೆ ಕೆಟ್ಟದ್ದು ಅದನ್ನು ಬರೆದ ಸಾಹೇಬರಿಂದಲ್ಲ, ನನ್ನಿಂದ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆ ವಯಸ್ಸಿನಲ್ಲೇ ಒಂದಿಷ್ಟು ನಾಚಿಕೆಯಿದ್ದಿದ್ದರೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆಗ ನನಗೆ ಹತ್ತೊಂಬತ್ತು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಪಾಳಿ ಮುಗಿಸಿ ಊರಿಗೆ ಬಂದರೆ ನನ್ನ ಎರಡನೆಯ ಕಸುಬು ಶುರುವಾಗುತ್ತಿತ್ತು: ಕಂಡವರ ದನಿ ಕದಿಯುವುದು. ಹುಕ್ಕೇರಿ ಬಸ್ಸಿನ ಕಂಡಕ್ಟರ್ ಜನರನ್ನು ಮುಂದೆ ಸರಿಸುವುದು, ಮೂಡಲಗಿ ಸಂತೆಯ ದಲಾಲಿ ಎತ್ತಿನ ಹಲ್ಲು ನೋಡಿ ಸುಮ್ಮನೆ ಕೆಮ್ಮುವುದು, ನಮ್ಮಪ್ಪ ನನ್ನನ್ನು ಬೈಯುವ ಮೊದಲು ಮೂಗೆಳೆಯುವುದು, ಎಲ್ಲ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿ ಹೇಗಿದೆಯೆಂಬುದು ಮಾತ್ರ ಊರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಬೇಡಿಕೆಯಿದ್ದದ್ದು ಅಂಬಿಗರ ಆಯಿಯ ದನಿಗೆ. ದೋಣಿ ನಡೆಸುವವರ ಹನ್ನೆರಡು ಮನೆಗಳು ಘಟಪ್ರಭೆಯ ಎತ್ತರದ ದಂಡೆಯ ಮೇಲಿದ್ದವು. ಆಯಿ ಅವರಲ್ಲಿ ಎಲ್ಲರಿಗಿಂತ ಹಿರಿಯಳು. ಮನೆಗಳ ಹಿಂದೆ ಒಂದು ದೊಡ್ಡ ತಗ್ಗು, ತಗ್ಗಿನಾಚೆ, ಮುಂದೆ ಹೋಗಿ ಘಟಪ್ರಭೆಯನ್ನೇ ಸೇರುವ ಮಾರ್ಕಂಡೇಯ ಹೊಳೆ. ಮಳೆಗಾಲದಲ್ಲಿ ಅಂಬಿಗರು ಸಂಜೆಗೆ ನೀರಿನ ಅಂಚಿನಲ್ಲಿ ಕೋಲು ನೆಡುತ್ತಿದ್ದರು. ಬೆಳಿಗ್ಗೆ ಆ ಕೋಲು ನೀರಿನೊಳಗೆ ನಿಂತಿದ್ದರೆ ಪಾತ್ರೆ ಪಗಡ ಕಟ್ಟುವುದು ಅವರ ಪದ್ಧತಿ. ಎಲ್ಲರೂ ಹೊಳೆಯ ಕಡೆ ನೆಟ್ಟರೆ ಆಯಿಯೊಬ್ಬಳು ಹೊಳೆಗೆ ಬೆನ್ನು ಮಾಡಿ, ಹಿಂದಿನ ತಗ್ಗಿಗಿಳಿದು ಒಣನೆಲದಲ್ಲಿ ನೆಟ್ಟು ಬರುತ್ತಿದ್ದಳು.

"ಹೊಳಿ ಮುಂದಿಂದ ಬರೂದಿಲ್ಲೋ ತಮ್ಮಾ, ಹಿಂದಿಂದ ಬರತೈತಿ," ಎನ್ನುತ್ತಿದ್ದಳು, ಹಲ್ಲಿಲ್ಲದ ಬಾಯಿಂದ ಅರ್ಧ ಮಾತು, ಅರ್ಧ ಗಾಳಿ. ನಾನು ಟವೆಲ್ಲು ತಲೆಗೆ ಹೊದ್ದು, ಸೊಂಟ ಬಗ್ಗಿಸಿ ಇದೊಂದು ಮಾತು ಆಡಿದರೆ ಸಾಕು, ಅಂಗಡಿಯಲ್ಲಿ ಚಹಾ ಪುಕ್ಕಟೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಒಬ್ಬ ಇಂಜಿನಿಯರ್ ಸಾಹೇಬರು ಬಟ್ಟೆಗೆ ಅಂಟಿಸಿದ ನಕಾಶೆ ಹಿಡಿದು ಬಂದರು. ದಂಡೆಗೆ ಕಲ್ಲಿನ ಮೆಟ್ಟಿಲು, ಮೇಲೊಂದು ರಸ್ತೆ, ಬೇವಿನ ಸಾಲು, ಸಂಜೆ ಗಾಳಿಗೆ ಕೂರಲು ಕಟ್ಟೆ. ಇದಕ್ಕೆಲ್ಲ ಎತ್ತರದ ಜಾಗ ಬೇಕು. ಆದ್ದರಿಂದ ಹನ್ನೆರಡು ಮನೆಗಳು ಹಿಂದಿನ ತಗ್ಗಿಗೆ ಇಳಿಯಬೇಕು. ಹೊಸ ಗೋಡೆ, ಹೊಸ ಹಂಚು ಕೊಡುತ್ತೇವೆಂದರು. ಸಾಹೇಬರು ಒಳ್ಳೆಯವರು, ನನಗೆ ಇಂದಿಗೂ ಚುಚ್ಚುವುದು ಅದೇ. ಜನರನ್ನು ಕೇಳದೆ ಒಂದು ಕಲ್ಲನ್ನೂ ಇಡುವುದಿಲ್ಲವೆಂದು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿ, ಬಸವಣ್ಣನ ಗುಡಿಯ ಮುಂದೆ ಊರನ್ನೆಲ್ಲ ಕೂಡಿಸಿದರು. ಪೇಟೆಯ ಶೆಟ್ಟರು ಮುಂದೆ ಕೂತರು, ಅಂಬಿಗರು ಹಿಂದೆ.

ನೀರು ಎಲ್ಲಿಯವರೆಗೆ ಬರುತ್ತದೆಂದು ಸಾಹೇಬರು ಕೇಳಿದರು. ಹಿಂದೆ ಆಯಿ ನೆಲಕ್ಕೆ ಕೈಯೂರಿ ಏಳತೊಡಗಿದಳು. ಆಕೆ ಪೂರ್ತಿ ಏಳುವಷ್ಟರಲ್ಲಿ ನನ್ನ ಟವೆಲ್ಲು ತಲೆಯ ಮೇಲಿತ್ತು. ಹೊಳೆ ಹಿಂದಿನಿಂದ ಬರುತ್ತದೆ, ಕಳ್ಳನ ಹಾಗೆ ಬರುತ್ತದೆ, ಮೊದಲು ಹಿತ್ತಲ ಕೋಳಿಯನ್ನು ಮಾತಾಡಿಸುತ್ತದೆ ಎಂದು ನನ್ನದೂ ಒಂದಿಷ್ಟು ಸೇರಿಸಿ ಅವಳ ದನಿಯಲ್ಲಿ ಹೇಳಿದೆ. ಕೂತವರು ಬಿದ್ದು ಬಿದ್ದು ನಕ್ಕರು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ಆಯಿ ನಿಂತು ಅದೇ ಮಾತು ಹೇಳಿದಳು. ಈ ಸಲ ನಗು ಇನ್ನೂ ಜೋರಾಯಿತು. ಅವಳ ಮಗನೂ ನಕ್ಕ. ಆಯಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಕೂತಳು. ಬೇರೆ ತಕರಾರು ಉಂಟೇ ಎಂದು ಸಾಹೇಬರು ಮೂರು ಸಲ ಕೇಳಿ, ಇಲ್ಲವೆಂದು ಬರೆದುಕೊಂಡರು.

ಮಳೆಗಾಲದ ಹೊತ್ತಿಗೆ ತಗ್ಗಿನಲ್ಲಿ ಪಾಯ ತೋಡಿದ್ದರು. ಒಂದು ಸಂಜೆ ಗಿರಣಿಯಿಂದ ಬರುತ್ತ ಎರಡು ಹೊಳೆ ಕೂಡುವಲ್ಲಿ ನಿಂತೆ. ನಮ್ಮೂರಲ್ಲಿ ಇನ್ನೂ ಹನಿ ಬಿದ್ದಿರಲಿಲ್ಲ. ಮಳೆ ಎಲ್ಲೋ ಪಡುವಣದ ಘಟ್ಟದಲ್ಲಿ. ಘಟಪ್ರಭೆ ಮಾತ್ರ ಕೆಂಪಗೆ, ಸದ್ದಿಲ್ಲದೆ, ದಂಡೆ ತುಂಬ ಹೋಗುತ್ತಿತ್ತು. ಅದರೊಳಗೆ ಸೇರಲು ಜಾಗ ಸಿಗದೆ ಮಾರ್ಕಂಡೇಯ ನಿಂತುಬಿಟ್ಟಿತ್ತು. ನೋಡುತ್ತಿದ್ದಂತೆ ಅದರ ಮೇಲಿನ ನೊರೆ, ಕಸಕಡ್ಡಿ ಹಿಂದಕ್ಕೆ ತೇಲತೊಡಗಿದವು, ತಗ್ಗಿನ ಕಡೆಗೆ. ಆಯಿ ಹಿಂದಿಂದ ಎಂದದ್ದು ಇದನ್ನೇ.

ಓಡಿದೆ. ಪಾಯದ ಬಳಿ ಸಾಹೇಬರಿದ್ದರು. ಮನೆಗಳನ್ನು ಇಲ್ಲಿ ಕಟ್ಟಬೇಡಿರೆಂದು, ಕಂಡದ್ದನ್ನೆಲ್ಲ ಏದುಸಿರಿನಲ್ಲಿ ಹೇಳಿದೆ. ಕಲ್ಲು ಕಟ್ಟುತ್ತಿದ್ದ ಗೌಂಡಿಯೊಬ್ಬ ಕರಣೆ ಕೆಳಗಿಟ್ಟು ಕೇಳಿದ: "ಅವತ್ತ ಆಯೀ ದನಿ ಮಾಡಿದ್ದಿ. ಇದು ಯಾರ ದನಿಯೋ?"

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಅಣಕವಾಡುವವನ ಮಾತನ್ನು ಬರೆದುಕೊಳ್ಳಲಾಗದು, ಆದರೆ ಆಯಿಯೇ ಬಂದು ಇನ್ನೊಮ್ಮೆ ಹೇಳಿದರೆ ನಕಾಶೆಯನ್ನು ಮೇಲಿನವರಿಗೆ ಮರಳಿ ಕಳಿಸುತ್ತೇನೆ ಎಂದರು.

ಆಯಿ ದೂರವಿರಲಿಲ್ಲ. ತಗ್ಗಿನ ಆ ತುದಿಯಲ್ಲಿ, ತನಗೆಂದು ತೋಡಿದ ಪಾಯದ ಹಿಂದೆ ಕೋಲು ನೆಡುತ್ತಿದ್ದಳು. ನಾನು ಕೈಮುಗಿದೆ, ತಪ್ಪಾಯಿತೆಂದೆ, ಒಂದೇ ಒಂದು ಸಲ ಬಂದು ಹೇಳು, ಹನ್ನೆರಡು ಮನೆ ಉಳಿಯುತ್ತವೆ ಎಂದು ಗೋಗರೆದೆ. ಅವಳು ಕೋಲನ್ನು ಹೊರಗೆಳೆದು, ಅದು ಮಾಡಿದ ತೂತನ್ನೇ ನೋಡುತ್ತಿದ್ದಳು. ಒಣನೆಲದ ಆ ತೂತಿನೊಳಗೆ ಕೆಂಪು ನೀರು ಮೆಲ್ಲಗೆ ಮೇಲೇರುತ್ತಿತ್ತು. ಕೋಲನ್ನು ನನ್ನ ಕೈಗಿಟ್ಟು, ಸೆರಗು ಕೊಡವಿ, ಆಯಿ ಹೇಳಿದಳು:

"ನನ್ನ ದನಿ ನಿನ್ನ ಕಡೇನ ಐತಲ್ಲೋ ತಮ್ಮಾ. ನೀರು ಬಂದಾಗ ನೀನ ಒದರು."